‘ಫೋನು ಕೊಡಿ’ ಅಂದರೆ ಏನು ಮಾಡುವುದು? ಷಿಕಾಗೊಗೆ ಹೊರಟ ಮಾಷ್ಟ್ರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಪೆರ್ಲದ ಹತ್ತಿರದವನು. ಕನ್ನಡ ಮಾಷ್ಟ್ರಾಗಿ ನಿವೃತ್ತನಾದೆ, ವಯಸ್ಸು 66. ಮಗ ಷಿಕಾಗೊದಲ್ಲಿದ್ದಾನೆ. ಮೊಮ್ಮಗಳು ಹುಟ್ಟಿ ಎಂಟು ತಿಂಗಳಾಯಿತು, ನಾವಿನ್ನೂ ನೋಡಿಲ್ಲ. ನನಗೂ ಹೆಂಡತಿಗೂ ವಿಸಿಟರ್ ವೀಸಾ ಬಂದಿದೆ. ಕಲ್ಲಿಕೋಟೆಯಿಂದ ಅಬುಧಾಬಿ, ಅಲ್ಲಿಂದ ಷಿಕಾಗೊಗೆ ಎತಿಹಾದ್ ಟಿಕೆಟ್ ಆಗಿದೆ. ಈಗ ಊರಲ್ಲಿ ಎಲ್ಲರದ್ದೂ ಒಂದೇ ಮಾತು. ಅಲ್ಲಿ ಫೋನು ತೆಗೆದುಕೊಂಡು ವಾಟ್ಸಾಪ್ ಓದುತ್ತಾರಂತೆ, ಏನಾದರೂ ಸಿಕ್ಕಿದರೆ ಅಲ್ಲಿಂದಲೇ ವಾಪಸು ಕಳಿಸುತ್ತಾರಂತೆ. ನಾನು ಇಪ್ಪತ್ತಕ್ಕಿಂತ ಜಾಸ್ತಿ ಗ್ರೂಪಿನಲ್ಲಿದ್ದೇನೆ. ತಾಳಮದ್ದಳೆಯದ್ದು, ಅಡಿಕೆ ರೇಟಿನದ್ದು, ದೇವಸ್ಥಾನದ ಸಮಿತಿಯದ್ದು, ಹಳೆ ವಿದ್ಯಾರ್ಥಿಗಳದ್ದು. ಯಾರು ಏನು ಹಾಕುತ್ತಾರೋ ನನಗೆ ಗೊತ್ತಿಲ್ಲ. ಎಲ್ಲ ಅಳಿಸಿ ಫೋನನ್ನು ಹೊಸದರ ಹಾಗೆ ಮಾಡಿ ಅಂತ ಮಗ ಹೇಳುತ್ತಾನೆ. ಫೋನೇ ಬೇಡ, ಮನೆಯಲ್ಲಿಡಿ ಅಂತ ಹೆಂಡತಿ ಹೇಳುತ್ತಾಳೆ. ಯಾರ ಮಾತು ಕೇಳಲಿ?

ಉತ್ತರ: ಮಾಷ್ಟ್ರೇ, ಇಬ್ಬರ ಮಾತನ್ನೂ ಪೂರ್ತಿ ಕೇಳಬೇಡಿ. ಫೋನು ತೆಗೆದುಕೊಂಡು ಹೋಗಿ. ಎಲ್ಲವನ್ನೂ ಅಳಿಸಬೇಡಿ. ಆದರೆ ಹೊರಡುವ ಎರಡು ವಾರ ಮೊದಲೇ ಕೂತು ಅದನ್ನು ಹಗುರ ಮಾಡಿ. ನೀವು ಬಾಯಲ್ಲಿ ಹೇಳುವುದು, ವೀಸಾ ಅರ್ಜಿಯಲ್ಲಿ ಬರೆದದ್ದು, ಫೋನಿನಲ್ಲಿ ಇರುವುದು, ಈ ಮೂರೂ ಒಂದಕ್ಕೊಂದು ಹೊಂದಬೇಕು. ನನ್ನ ಉತ್ತರ ಇಷ್ಟೇ. ಮಿಕ್ಕಿದ್ದೆಲ್ಲ ಅದನ್ನು ಹೇಗೆ ಮಾಡುವುದು ಎಂಬ ವಿವರ.

ಮೊದಲು ಹೆದರಿಕೆಯ ವಿಷಯ. ಅಮೆರಿಕದ ಗಡಿಯಲ್ಲಿ ಪ್ರಯಾಣಿಕರನ್ನು ನೋಡುವ ಇಲಾಖೆಗೆ ಸಿಬಿಪಿ ಅಂತ ಹೆಸರು. ಕೋರ್ಟಿನ ವಾರಂಟ್ ಇಲ್ಲದೆ ಫೋನು ನೋಡುವ ಅಧಿಕಾರ ಅವರಿಗೆ ಇರುವುದು ನಿಜ. ಆದರೆ ಅವರೇ ಕೊಟ್ಟ ಲೆಕ್ಕ ನೋಡಿ. 2024ರ ಹಣಕಾಸು ವರ್ಷದಲ್ಲಿ ಗಡಿ ದಾಟಿ ಒಳಗೆ ಬಂದವರು ಸುಮಾರು 42 ಕೋಟಿ ಜನ. ಫೋನು, ಲ್ಯಾಪ್‌ಟಾಪ್ ತಪಾಸಣೆ ಆದದ್ದು ಸುಮಾರು 47 ಸಾವಿರ. ಅಂದರೆ ಒಂಬತ್ತು ಸಾವಿರಕ್ಕೆ ಒಬ್ಬರ ಹಾಗೆ. 2011ರ ಜನಗಣತಿಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13 ಲಕ್ಷ. ಅಷ್ಟೂ ಜನ ವಿಮಾನ ಹತ್ತಿ ಹೋದರೆ ನೂರೈವತ್ತು ಜನರ ಫೋನು ನೋಡಿಯಾರು. ಮೊಮ್ಮಗಳನ್ನು ನೋಡಲು ಹೋಗುವ ಅಜ್ಜ ಅಜ್ಜಿಯ ಸರದಿ ಬರುವುದು ಇನ್ನೂ ಕಡಿಮೆ.

ಹಾಗಾದರೆ ತಯಾರಿ ಯಾಕೆ ಅಂತ ಕೇಳಬಹುದು. ಆ ಒಬ್ಬರು ನಾವೇ ಆದರೆ ಆ ದಿನ ಲೆಕ್ಕ ಹೇಳಿ ಪ್ರಯೋಜನ ಇಲ್ಲ ಅಲ್ವಾ? ತಯಾರಿಗೆ ಬೇಕಾದದ್ದು ಎರಡು ಮಧ್ಯಾಹ್ನ, ಅಷ್ಟೇ.

ನನ್ನನ್ನೇ ಒಮ್ಮೆ ಒಳಗೆ ಕೂರಿಸಿದ್ದರು. ನಾನು ಬದಿಯಡ್ಕದವನು, ಕಂಪನಿಗಳ ಫೋನು, ಕಂಪ್ಯೂಟರುಗಳ ಭದ್ರತೆ ನೋಡುವುದೇ ನನ್ನ ಕೆಲಸ. ಸ್ನೇಹಿತನ ಮದುವೆಗೆಂದು ಒಂದು ದೇಶಕ್ಕೆ ಹೋಗಿದ್ದೆ. ಯಾಕೆ ಬಂದಿರಿ ಅಂತ ಕೇಳಿದರು. ಮದುವೆಗೆ ಅಂದೆ. ಎಲ್ಲಿ ಉಳಿಯುತ್ತೀರಿ ಅಂದರು. ವಿಳಾಸ ಫೋನಿನಲ್ಲಿತ್ತು, ತೆರೆದು ಅವರ ಮುಂದೆ ಹಿಡಿದೆ. ಪರದೆಯ ಮೇಲೆ ಕ್ಯಾಲೆಂಡರಿನ ಸಾಲೊಂದು ಬಂತು: ಮರುದಿನ ಹನ್ನೊಂದಕ್ಕೆ ಒಬ್ಬ ಗ್ರಾಹಕರ ಜೊತೆ ಮೀಟಿಂಗ್. ಮದುವೆಯೂ ನಿಜ, ಮೀಟಿಂಗೂ ನಿಜ. ಆದರೆ ನಾನು ಹೇಳಿದ್ದು ಒಂದನ್ನೇ. ಮೂರು ಗಂಟೆ ಕೂತೆ. ಕೊನೆಗೆ ಬಿಟ್ಟರು, ಆದರೆ ಆ ಮೂರು ಗಂಟೆಯ ಕೈನಡುಕ ನನಗೆ ಇನ್ನೂ ನೆನಪಿದೆ. ಫೋನಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಹೇಳಿದ ಕಥೆ ಒಂದು, ಫೋನು ಹೇಳಿದ ಕಥೆ ಇನ್ನೊಂದು, ಅದೇ ತೊಂದರೆ ಆದದ್ದು.

ನಿಮ್ಮ ದಾರಿಯಲ್ಲಿ ಒಂದು ವಿಶೇಷ ಇದೆ, ಅದನ್ನು ಮೊದಲೇ ತಿಳಿದಿರಿ. ಅಬುಧಾಬಿಯ ವಿಮಾನ ನಿಲ್ದಾಣದ ಒಳಗೇ ಅಮೆರಿಕದ ಇಮಿಗ್ರೇಷನ್ ಕೌಂಟರ್ ಇದೆ, 2014ರಿಂದ. ಅಲ್ಲಿಂದ ಅಮೆರಿಕಕ್ಕೆ ಹೋಗುವ ಎತಿಹಾದ್ ಪ್ರಯಾಣಿಕರಿಗೆ ಬೆರಳಚ್ಚು, ಫೋಟೊ, ಪ್ರಶ್ನೆ ಎಲ್ಲ ಅಲ್ಲಿಯೇ ಆಗುತ್ತದೆ. ಷಿಕಾಗೊದಲ್ಲಿ ಇಳಿದ ಮೇಲೆ ನೀವು ಆ ದೇಶದೊಳಗೇ ಓಡಾಡಿದವರ ಹಾಗೆ ಸೀದಾ ಹೊರಗೆ ಬರಬಹುದು. ಹಾಗಾಗಿ ಫೋನಿನ ಪ್ರಶ್ನೆ ಬಂದರೆ ಬರುವುದು ಅಬುಧಾಬಿಯಲ್ಲಿ. ಷಿಕಾಗೊ ತಲುಪುವ ಮೊದಲು ನೋಡಿಕೊಂಡರಾಯಿತು ಅಂತ ಯಾವ ಕೆಲಸವನ್ನೂ ಮುಂದೆ ಹಾಕಬೇಡಿ. ನಡುವೆ ಸಮಯ ಕಡಿಮೆ ಇದ್ದರೆ ಅಬುಧಾಬಿಯಲ್ಲಿ ಅಂಗಡಿ ನೋಡುತ್ತ ನಿಲ್ಲಬೇಡಿ, ಮೊದಲು ಆ ಸಾಲಿಗೆ ಹೋಗಿ ನಿಲ್ಲಿ. ನೀವು ಕಲ್ಲಿಕೋಟೆಯಲ್ಲಿ ಹಾಕಿದ ಸೂಟ್‌ಕೇಸಿನ ಚಿತ್ರ ತೋರಿಸಿ, ಇದು ನಿಮ್ಮದೇನಾ ಅಂತಲೂ ಅಲ್ಲಿ ಕೇಳುತ್ತಾರೆ. ಗಾಬರಿ ಬೇಡ.

ಇನ್ನು ವೀಸಾ ಅರ್ಜಿ. ಇದನ್ನು ನಾನು ಫೋನಿಗಿಂತ ಮೊದಲು ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ತಪ್ಪು ಜಾಸ್ತಿ ಆಗುವುದು ಇಲ್ಲಿ. ಡಿಎಸ್-160 ಅನ್ನುವ ಅರ್ಜಿಯಲ್ಲಿ 2019ರಿಂದ ಒಂದು ಪ್ರಶ್ನೆ ಇದೆ: ಕಳೆದ ಐದು ವರ್ಷದಲ್ಲಿ ನೀವು ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳು ಯಾವುವು? ಈ ಅರ್ಜಿಯನ್ನು ಅಪ್ಪ ಅಮ್ಮ ತುಂಬುವುದಿಲ್ಲ. ಮಗನೋ ಮಗಳೋ ರಾತ್ರಿ ಕೂತು ತುಂಬುತ್ತಾರೆ. ‘ಅಪ್ಪನಿಗೆ ಇದೆಲ್ಲ ಎಲ್ಲಿಂದ’ ಅಂದುಕೊಂಡು ‘ಇಲ್ಲ’ ಅಂತ ಒತ್ತುತ್ತಾರೆ. ಅಪ್ಪನಿಗೆ ಫೇಸ್‌ಬುಕ್ಕಿನಲ್ಲಿ ಒಂಬತ್ತು ವರ್ಷದ ಖಾತೆ, ತುಂಬ ಯಕ್ಷಗಾನದ ಫೋಟೊ! ಇವತ್ತೇ ಮಗನಿಗೆ ಹೇಳಿ ಆ ಅರ್ಜಿಯ ಪ್ರತಿ ತರಿಸಿ. ಪೂರ್ತಿ ಓದಿ. ಖಾತೆ ಬಿಟ್ಟುಹೋಗಿದ್ದರೆ ಅದನ್ನು ಈಗ ಡಿಲೀಟ್ ಮಾಡಲು ಹೋಗಬೇಡಿ. ಮುಚ್ಚಿಟ್ಟ ಹಾಗೆ ಕಾಣುತ್ತದೆ. ಬಿಟ್ಟುಹೋದ ಖಾತೆ ಇದು ಅಂತ ವೀಸಾ ಕೊಟ್ಟ ಕಾನ್ಸುಲೇಟಿಗೆ ಒಂದು ಮೇಲ್ ಹಾಕಿ, ಅದರ ಪ್ರಿಂಟ್ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಕೇಳಿದರೆ, ಅರ್ಜಿ ಮಗ ತುಂಬಿದ, ಇದು ಬಿಟ್ಟುಹೋಗಿದೆ, ನನ್ನ ಖಾತೆ ಇದು ಅಂತ ನೇರ ಹೇಳಿ. ಸಣ್ಣ ಮರೆವನ್ನು ಒಪ್ಪಿಕೊಂಡರೆ ಮಾತು ಅಲ್ಲಿಗೆ ಮುಗಿಯುವ ಸಾಧ್ಯತೆ ಜಾಸ್ತಿ. ಸುಳ್ಳು ಅಂತ ಅವರಿಗೆ ಅನಿಸಿದರೆ ಮುಂದಿನ ವೀಸಾಕ್ಕೂ ಅಡ್ಡ ಬರಬಹುದು.

ಎರಡನೆಯದು ಮೊಮ್ಮಗಳ ವಿಷಯ. ನೀವು ಹೋಗುವುದು ಮಗುವನ್ನು ನೋಡಲು. ಆದರೆ ಫೋನಿನಲ್ಲಿ ಮಗನ ಮೆಸೇಜು ಹೇಗಿರುತ್ತದೆ? ‘ನೀವು ಬಂದರೆ ಡೇಕೇರಿನ ಖರ್ಚು ಉಳಿಯುತ್ತದೆ’, ‘ಅಮ್ಮ ಆರು ತಿಂಗಳು ಮಗುವನ್ನು ನೋಡಿಕೊಳ್ಳಲಿ, ಇವಳು ಡ್ಯೂಟಿಗೆ ಹೋಗಬಹುದು’. ನಮ್ಮ ಮನೆಗಳಲ್ಲಿ ಇದು ಪ್ರೀತಿಯ ಮಾತು. ಬಾಣಂತನಕ್ಕೆ ತಾಯಿ ಹೋಗದೆ ಇನ್ನು ಯಾರು ಹೋಗುತ್ತಾರೆ? ಆದರೆ ವಿಸಿಟರ್ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ನಮ್ಮ ಸಂಸಾರ ಗೊತ್ತಿಲ್ಲದ ಅಧಿಕಾರಿಗೆ ಅದು ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸಕ್ಕೆ ಬಂದವರ ಹಾಗೆ ಕಂಡೀತು. ಅದಕ್ಕಾಗಿ ಮೆಸೇಜು ಹುಡುಕಿ ಅಳಿಸಿ ಅಂತ ನಾನು ಹೇಳುವುದಿಲ್ಲ. ಇನ್ನು ಮುಂದೆ ಮಾತಾಡುವಾಗ ಇದ್ದದ್ದನ್ನು ಇದ್ದ ಹಾಗೆ ಮಾತಾಡಿ: ಮೊಮ್ಮಗಳನ್ನು ನೋಡಲು ಬರುತ್ತೇವೆ, ಇಷ್ಟು ದಿನ ಇರುತ್ತೇವೆ, ಇಂಥ ದಿನ ವಾಪಸು. ಕೌಂಟರಿನಲ್ಲೂ ಅಷ್ಟೇ ಹೇಳಿ. ಮಗ, ಸೊಸೆ, ಮೊಮ್ಮಗಳನ್ನು ನೋಡಲು. ನಿಮ್ಮ ಮನೆಯವರೂ ಇದೇ ಉತ್ತರ ಕೊಡಬೇಕು. ಇಬ್ಬರೂ ಊಟದ ಹೊತ್ತಿಗೆ ಒಮ್ಮೆ ಮಾತಾಡಿಕೊಳ್ಳಿ.

ಈಗ ಫೋನು ಬಿಚ್ಚೋಣ.

ಗ್ಯಾಲರಿಯಿಂದ ಶುರುಮಾಡಿ. ಇಪ್ಪತ್ತು ಗ್ರೂಪಿನ ಎಲ್ಲ ಫೋಟೊ, ವಿಡಿಯೊ ನಿಮಗೆ ಗೊತ್ತಿಲ್ಲದೆ ಅದರೊಳಗೆ ಬಂದು ಬೀಳುತ್ತಿರಬಹುದು. ಯಾರೋ ಕಳಿಸಿದ ಹೊಡೆದಾಟದ ವಿಡಿಯೊ, ಎಲ್ಲೋ ನಡೆದ ಯುದ್ಧದ ರಕ್ತ, ಒಂದು ಜಾತಿಯನ್ನೋ ಧರ್ಮವನ್ನೋ ಬಯ್ಯುವ ಫಾರ್ವರ್ಡ್. ನೀವು ನೋಡಿಯೇ ಇಲ್ಲ. ಆದರೆ ಅದು ನಿಮ್ಮ ಫೋನಿನಲ್ಲಿದೆ, ನಿಮ್ಮ ಫೋಟೊಗಳ ಪಕ್ಕದಲ್ಲೇ. ನಾನು ಬೆಂಗಳೂರಿನಲ್ಲಾಗಲಿ ದುಬೈಯಲ್ಲಾಗಲಿ ಹಿರಿಯರ ಫೋನು ತೆರೆದಾಗಲೆಲ್ಲ ಮೊದಲು ಕಂಡದ್ದು ಇದನ್ನೇ. ವಾಟ್ಸಾಪಿನ ಸೆಟ್ಟಿಂಗ್ಸಿಗೆ ಹೋಗಿ, ‘ಸ್ಟೋರೇಜ್ ಆ್ಯಂಡ್ ಡೇಟಾ’ ಒತ್ತಿ, ಮೀಡಿಯಾ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರರಲ್ಲೂ ಗುರುತು ತೆಗೆಯಿರಿ. ಅದೇ ಜಾಗದಲ್ಲಿ ‘ಮ್ಯಾನೇಜ್ ಸ್ಟೋರೇಜ್’ ಇದೆ. ಯಾವ ಗ್ರೂಪಿನಿಂದ ಎಷ್ಟು ತುಂಬಿದೆ ಅಂತ ಸಾಲಾಗಿ ತೋರಿಸುತ್ತದೆ. ಬೇಡದ್ದನ್ನು ಅಲ್ಲಿಂದಲೇ ತೆಗೆಯಬಹುದು. ಓದದ ಗ್ರೂಪುಗಳಿಂದ ಹೊರಗೆ ಬನ್ನಿ. ನಿಮಗೆ ಸಂಕೋಚ ಆಗುತ್ತದೆ, ಗೊತ್ತು. ‘ಆರು ತಿಂಗಳು ಊರಲ್ಲಿ ಇರುವುದಿಲ್ಲ, ಬಂದ ಮೇಲೆ ಸೇರಿಸಿ’ ಅಂತ ಒಂದು ಸಾಲು ಹಾಕಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ತಾಳಮದ್ದಳೆ, ಯಕ್ಷಗಾನದ ಫೋಟೊ ಇರಲಿ. ಕತ್ತಿ ಹಿಡಿದ ವೇಷ, ಕೋಲದ ಫೋಟೊ ಕಂಡರೆ ಏನಿದು ಅಂತ ಕೇಳಬಹುದು. ನೀವು ಮಾಷ್ಟ್ರು, ಎರಡು ವಾಕ್ಯದಲ್ಲಿ ವಿವರಿಸಬಲ್ಲಿರಿ. ಇದು ನಮ್ಮ ಊರಿನ ಕಲೆ, ಇದು ನಮ್ಮ ದೈವ. ಆದರೆ ತೋಟಕ್ಕೆ ಬರುವ ಹಂದಿಗೆಂದು ಇಟ್ಟ ಕೋವಿ ಹಿಡಿದು ಮೊಮ್ಮಕ್ಕಳು ತೆಗೆಸಿಕೊಂಡ ಫೋಟೊ, ಜಾತ್ರೆಯ ಗರ್ನಾಲು ಹೊಟ್ಟಿಸುವ ವಿಡಿಯೊಗೆ ‘ಬಾಂಬ್’ ಅಂತ ಹಾಕಿದ ಶೀರ್ಷಿಕೆ, ಇಂಥವು ಈ ಪ್ರಯಾಣದಲ್ಲಿ ಬೇಡ. ಮನೆಯ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿ ಇಲ್ಲೇ ಬಿಡಿ.

ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವಾಗ ತೆಗೆದ ಮಗುವಿನ ಬತ್ತಲೆ ಫೋಟೊ, ವಿಡಿಯೊ ನಿಮ್ಮ ಫೋನಿನಲ್ಲಿ ಇರಬಹುದು. ಮಗನೇ ಕಳಿಸಿರುತ್ತಾನೆ. ಅಜ್ಜಿ ದಿನಕ್ಕೆ ಹತ್ತು ಸಲ ನೋಡಿರುತ್ತಾರೆ. ನಮಗೆ ಅದರಲ್ಲಿ ಮಗು ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಆದರೆ ಮಕ್ಕಳ ಬತ್ತಲೆ ಚಿತ್ರದ ಬಗ್ಗೆ ಅಲ್ಲಿಯ ಕಾನೂನು ಬಹಳ ಕಟ್ಟುನಿಟ್ಟು. ಅಧಿಕಾರಿ ಅನುಮಾನದಿಂದ ನೋಡಿದರೆ ವಿವರಿಸುವುದು ಕಷ್ಟ. ಇಬ್ಬರ ಫೋನಿನಿಂದಲೂ ಅವನ್ನು ತೆಗೆಯಿರಿ. ಇನ್ನು ಹದಿನೈದು ದಿನದಲ್ಲಿ ಮಗುವೇ ಕೈಯಲ್ಲಿರುತ್ತದೆ.

ಅಳಿಸಿದ ಕೂಡಲೇ ಹೋಗುವುದಿಲ್ಲ ಎಂಬುದು ನೆನಪಿರಲಿ. ಗೂಗಲ್ ಫೋಟೋಸಿನಲ್ಲಿ ಬ್ಯಾಕಪ್ ಆದ ಫೋಟೊ 60 ದಿನ ಕಸದಬುಟ್ಟಿಯಲ್ಲಿ ಇರುತ್ತದೆ. ಐಫೋನಿನಲ್ಲಿ ‘ಈಚೆಗೆ ಅಳಿಸಿದ್ದು’ ಅನ್ನುವ ಆಲ್ಬಮಿನಲ್ಲಿ 30 ದಿನ. ಅಲ್ಲಿಗೆ ಹೋಗಿ ಅದನ್ನೂ ಖಾಲಿ ಮಾಡಬೇಕು. ಮತ್ತೆ, ಅಳಿಸುವ ಮೊದಲು ಬೇಕಾದದ್ದರ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಂಡು, ಅದು ತೆರೆಯುತ್ತದಾ ಅಂತ ಒಮ್ಮೆ ನೋಡಿಯೇ ಅಳಿಸಿ. ಕಳೆದ ವರ್ಷ ಒಬ್ಬರು ಮಗಳ ಮದುವೆಯ ಅಷ್ಟೂ ಫೋಟೊ ಹೀಗೆ ಕಳೆದುಕೊಂಡು ನನ್ನ ಹತ್ತಿರ ಬಂದರು. ನನಗೂ ಏನೂ ಮಾಡಲು ಆಗಲಿಲ್ಲ.

ಮಗ ಹೇಳಿದ ಹಾಗೆ ಪೂರ್ತಿ ಖಾಲಿ ಮಾಡಿದರೆ ಏನಾಗುತ್ತದೆ? ಅದು ಅಪರಾಧ ಅಲ್ಲ. ಆದರೆ 66 ವರ್ಷದವರ ಕೈಯಲ್ಲಿ ಒಂದು ಮೆಸೇಜೂ ಒಂದು ಫೋಟೊವೂ ಇಲ್ಲದ ಫೋನು ಕಂಡರೆ ಪ್ರಶ್ನೆ ಹುಟ್ಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಖಾಲಿ ಮಾಡಿದ ಫೋನಿನಲ್ಲಿ ಮತ್ತೆ ವಾಟ್ಸಾಪ್, ಬ್ಯಾಂಕು ತೆರೆಯಲು ಓಟಿಪಿ ಬೇಕು. ಅದು ನಿಮ್ಮ ಊರಿನ ಸಿಮ್ಮಿಗೆ ಬರುತ್ತದೆ. ರೋಮಿಂಗ್ ಇಲ್ಲದಿದ್ದರೆ ಅಬುಧಾಬಿಯಲ್ಲಿ ನಿಂತು ಮಗನಿಗೆ ಒಂದು ಮೆಸೇಜು ಹಾಕಲೂ ಆಗುವುದಿಲ್ಲ. ಹೊರಡುವ ಮೊದಲು ರೋಮಿಂಗ್ ಹಾಕಿಸಿ, ಓಟಿಪಿ ಬರುವಷ್ಟಾದರೂ ಸಾಕು.

ತಪಾಸಣೆ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ. ಸಿಬಿಪಿ 2018ರಲ್ಲಿ ಇದಕ್ಕೆ ನಿಯಮ ಮಾಡಿದೆ. ಎರಡು ತರ ಇದೆ. ಒಂದು, ಅಧಿಕಾರಿ ಫೋನು ಕೈಯಲ್ಲಿ ಹಿಡಿದು ಫೋಟೊ, ಮೆಸೇಜು ತಿರುಗಿಸಿ ನೋಡುವುದು. ಜಾಸ್ತಿ ಆಗುವುದು ಇದೇ, ಇದಕ್ಕೆ ಅನುಮಾನ ಇರಲೇಬೇಕು ಅಂತಿಲ್ಲ. ಇನ್ನೊಂದು, ಫೋನನ್ನು ಒಂದು ಯಂತ್ರಕ್ಕೆ ಜೋಡಿಸಿ ಒಳಗಿರುವುದನ್ನು ಕಾಪಿ ಮಾಡಿ ಹುಡುಕುವುದು. ಇದಕ್ಕೆ ತಕ್ಕ ಅನುಮಾನ ಅಥವಾ ದೇಶದ ಭದ್ರತೆಯ ಕಾರಣ ಬೇಕು, ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಎರಡರಲ್ಲೂ ಅವರು ನೋಡಬೇಕಾದದ್ದು ಫೋನಿನ ಒಳಗೆ ಇರುವುದನ್ನು ಮಾತ್ರ. ಇಂಟರ್ನೆಟ್ಟಿನಲ್ಲಿ, ಕ್ಲೌಡಿನಲ್ಲಿ ಇರುವುದನ್ನು ಇಳಿಸಿ ನೋಡುವ ಹಾಗಿಲ್ಲ. ಅದಕ್ಕೇ ಮೊದಲು ಏರೋಪ್ಲೇನ್ ಮೋಡಿಗೆ ಹಾಕುತ್ತಾರೆ. ನೀವೇ ಹಾಕಿ ಕೊಡಿ. ಆದರೆ ವಾಟ್ಸಾಪಿನ ಹಳೆ ಮಾತುಕತೆ ಫೋನಿನ ಒಳಗೇ ಇರುತ್ತದೆ, ನೆಟ್ ಇಲ್ಲದೆಯೂ ತೆರೆಯುತ್ತದೆ. ಇಲ್ಲಿ ಕೂತು ಹಗುರ ಮಾಡಿ ಅಂದದ್ದು ಇದಕ್ಕೇ.

ಇದೇ ನಿಯಮ ನಿಮಗೆ ಉಪಕಾರವೂ ಹೌದು. ಬ್ಯಾಂಕಿನ ಆ್ಯಪ್, ಗೂಗಲ್ ಡ್ರೈವ್, ಆಸ್ತಿಯ ದಾಖಲೆ ಇಟ್ಟ ಜಾಗ, ಇವುಗಳಿಂದ ಲಾಗೌಟ್ ಆಗಿ ಹೋಗಿ. ಷಿಕಾಗೊದಲ್ಲಿ ಮಗನ ಮನೆಯಲ್ಲಿ ಕೂತು ಮತ್ತೆ ಲಾಗಿನ್ ಆದರಾಯಿತು. ಪಾಸ್‌ವರ್ಡುಗಳನ್ನು ಫೋನಿನ ನೋಟ್ಸಿನಲ್ಲಿ ಬರೆದಿಟ್ಟಿದ್ದರೆ ಇವತ್ತೇ ತೆಗೆಯಿರಿ.

‘ಪಿನ್ ಹೇಳುವುದಿಲ್ಲ ಅಂದರೆ?’ ನೀವು ಕೇಳದಿದ್ದರೂ ಇದು ನಿಮ್ಮ ಮನಸ್ಸಿನಲ್ಲಿ ಇರಬಹುದು. ಅಮೆರಿಕದ ಪ್ರಜೆ ಹಾಗೆ ಅಂದರೆ ಫೋನು ಹಿಡಿದಿಟ್ಟುಕೊಳ್ಳಬಹುದು, ಆದರೆ ಅವರನ್ನು ದೇಶದ ಒಳಗೆ ಬಿಡಲೇಬೇಕು. ವಿಸಿಟರ್ ವೀಸಾದವರಿಗೆ ಆ ರಕ್ಷಣೆ ಇಲ್ಲ. ಇಲ್ಲ ಅಂದರೆ ವಾಪಸು ಕಳಿಸಬಹುದು. ನನಗೆ ಈ ನಿಯಮ ಸರಿ ಅನಿಸುವುದಿಲ್ಲ. ಒಬ್ಬ ಮನುಷ್ಯನ ಫೋನಿನಲ್ಲಿ ಇವತ್ತು ಅವನ ಪೂರ್ತಿ ಜೀವನ ಇರುತ್ತದೆ, ಅದನ್ನು ಸೂಟ್‌ಕೇಸಿನ ಹಾಗೆ ಬಿಚ್ಚಿಸುವುದು ತಪ್ಪು ಅಂತಲೇ ನನ್ನ ನಂಬಿಕೆ. ಆದರೆ ಆ ವಾದವನ್ನು ನೀವು ಕೌಂಟರಿನ ಎದುರು ನಿಂತು ಮಾಡಬೇಕಾಗಿಲ್ಲ. ಕೇಳಿದರೆ ತೆರೆದು ಕೊಡಿ. ಪಿನ್ ಬಾಯಲ್ಲಿ ಹೇಳುವ ಬದಲು ‘ನಾನೇ ತೆರೆದು ಕೊಡುತ್ತೇನೆ’ ಅಂತ ವಿನಯದಿಂದ ಕೇಳಿ. ಬರೆದೇ ಕೊಡಿ ಅಂದರೆ ಕೊಟ್ಟು, ಮನೆ ತಲುಪಿದ ಕೂಡಲೇ ಬದಲಾಯಿಸಿ.

ಹೊರಡುವ ಮೊದಲು ನಾಲ್ಕು ಅಂಕೆಯ ಪಿನ್ ತೆಗೆದು ಆರು ಅಂಕೆಯದ್ದು ಇಡಿ, ಹುಟ್ಟಿದ ವರ್ಷ ಬೇಡ. ಫೋನಿನ ಅಪ್‌ಡೇಟ್ ಬಂದಿದ್ದರೆ ಹಾಕಿ. ಅಬುಧಾಬಿಯಲ್ಲಿ ಸಾಲಿಗೆ ನಿಲ್ಲುವ ಮೊದಲು ಫೋನನ್ನು ಪೂರ್ತಿ ಆಫ್ ಮಾಡಿ. ಆಫ್ ಆಗಿ ಮತ್ತೆ ಆನ್ ಆದ ಫೋನು ಬೆರಳಿಗೆ, ಮುಖಕ್ಕೆ ತೆರೆಯುವುದಿಲ್ಲ, ಪಿನ್ನೇ ಬೇಕು. ಒಳಗಿನ ಮಾಹಿತಿಗೂ ಆಗ ಬೀಗ ಗಟ್ಟಿ. ಇದು ಅಧಿಕಾರಿಗಳಿಗೆ ಮಾತ್ರ ಅಲ್ಲ, ಕಳ್ಳರಿಗೂ ಲಾಗು. ಅಷ್ಟು ದೂರದ ದಾರಿಯಲ್ಲಿ ಫೋನು ಕಳೆದುಹೋಗುವ ಸಾಧ್ಯತೆ ತಪಾಸಣೆಗಿಂತ ಎಷ್ಟೋ ಜಾಸ್ತಿ.

ಫೋನು ಇಟ್ಟುಕೊಳ್ಳುತ್ತೇವೆ ಅಂದರೆ ರಶೀದಿ ಕೇಳಿ. 6051-ಡಿ ಅನ್ನುವ ಫಾರ್ಮು ಕೊಡಬೇಕು. ಸಾಮಾನ್ಯವಾಗಿ ಐದು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ ನಿಯಮ ಇದೆ. ಮೇಲಧಿಕಾರಿ ಒಪ್ಪಿದರೆ ಮಾತ್ರ ಅದು ಮುಂದೆ ಹೋಗುತ್ತದೆ. ಅಧಿಕಾರಿಯ ಹೆಸರು, ಬ್ಯಾಡ್ಜ್ ನಂಬರು ಕಾಗದದಲ್ಲಿ ಬರೆದುಕೊಳ್ಳಿ. ನಿಮ್ಮ ಕಣ್ಣ ಮುಂದಿನಿಂದ ಫೋನು ಒಳಗೆ ಹೋಗಿ ಬಂದಿದ್ದರೆ, ಮಗನ ಮನೆಯಲ್ಲಿ ಬೇರೆ ಒಂದು ಫೋನಿನಿಂದ ಇಮೇಲ್, ಬ್ಯಾಂಕು, ಫೇಸ್‌ಬುಕ್ಕಿನ ಪಾಸ್‌ವರ್ಡ್ ಬದಲಾಯಿಸಿ. ಫೋನನ್ನು ಪೂರ್ತಿ ರಿಸೆಟ್ ಮಾಡುವುದಾದರೆ ಆಗ ಮಾಡಿ.

ಇಂಗ್ಲಿಷಿನ ಬಗ್ಗೆ ಸಂಕೋಚ ಬೇಡ. ಪ್ರಶ್ನೆ ಅರ್ಥವಾಗದಿದ್ದರೆ ಸುಮ್ನೆ ‘ಯೆಸ್’ ಅನ್ನಬೇಡಿ. ಹಿರಿಯರು ಮಾಡುವ ದೊಡ್ಡ ತಪ್ಪು ಇದು. ಇಂಟರ್‌ಪ್ರಿಟರ್ ಬೇಕು, ಕನ್ನಡ, ಅಂತ ಹೇಳಿ. ಕಾಯಬೇಕಾಗಬಹುದು, ಕಾಯಿರಿ.

ಎಲ್ಲವೂ ಫೋನಿನಲ್ಲಿದೆ ಅನ್ನುವ ಕಾಲದಲ್ಲಿ ನಾನು ಕಾಗದಕ್ಕೆ ವಾಪಸು ಹೋಗಿ ಅನ್ನುತ್ತೇನೆ. ಹೋಗಿ ಬರುವ ಟಿಕೆಟ್, ಮಗನ ವಿಳಾಸ, ಅವನ ಫೋನ್ ನಂಬರು, ಆಹ್ವಾನದ ಪತ್ರ, ಪ್ರಯಾಣ ವಿಮೆ, ನಿಮ್ಮ ಪಿಂಚಣಿಯ ಕಾಗದ, ತೋಟದ ತೆರಿಗೆ ರಶೀದಿ. ಕೊನೆಯ ಎರಡು ಯಾಕೆಂದರೆ, ವಾಪಸು ಬರಲು ನಿಮಗೆ ಊರಲ್ಲಿ ಕಾರಣ ಇದೆ ಅಂತ ಅವು ತೋರಿಸುತ್ತವೆ. ಕಾಗದ ಕೈಯಲ್ಲಿದ್ದರೆ ವಿಳಾಸ ತೋರಿಸಲು ಫೋನು ತೆರೆಯುವ ಪ್ರಮೇಯವೇ ಬರುವುದಿಲ್ಲ. ಆ ದಿನ ನನ್ನ ಚೀಲದಲ್ಲಿ ಒಂದು ಹಾಳೆ ಇದ್ದಿದ್ದರೆ ಆ ಕ್ಯಾಲೆಂಡರನ್ನು ಯಾರೂ ನೋಡುತ್ತಿರಲಿಲ್ಲ.

ಹೆಸರನ್ನೂ ಒಮ್ಮೆ ನೋಡಿ. ನಮ್ಮ ಗಡಿನಾಡಿನಲ್ಲಿ ಇದು ಹಳೆ ಗೋಳು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಮನೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗೆ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಇರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ತಪ್ಪಲ್ಲ, ಪದ್ಧತಿ. ಟಿಕೆಟಿನ ಹೆಸರು ಅದಕ್ಕೆ ಹೊಂದುತ್ತದಾ ಅಂತ ಏರ್‌ಲೈನಿಗೆ ಈಗಲೇ ಫೋನು ಮಾಡಿ ಕೇಳಿ. ಗಲ್ಫಿಗೆ ಹೋಗುವವರಿಗೂ ಒಂದು ಮಾತು: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತಾರೆ. ಕುಂಬಳೆ, ಮಂಜೇಶ್ವರ ಕಡೆಯಿಂದ ಮಗಳನ್ನು ನೋಡಲು ಹೋಗುವ ತಾಯಂದಿರು ಟಿಕೆಟ್ ಮಾಡುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ನಿಮ್ಮ ಪ್ರಶ್ನೆಗೆ ಸೇರದ ಎರಡು ಮಾತು, ಬೇರೆ ಕಡೆ ಹೋಗುವವರಿಗೆ. ಬ್ರಿಟನ್ನಿನಲ್ಲಿ ಭಯೋತ್ಪಾದನೆ ತಡೆಯುವ ಕಾನೂನಿನ 7ನೇ ಷೆಡ್ಯೂಲಿನ ಕೆಳಗೆ ತಡೆದರೆ ಆರು ಗಂಟೆ ಇಟ್ಟುಕೊಳ್ಳಬಹುದು, ಪಾಸ್‌ವರ್ಡ್ ಕೊಡದಿರುವುದೇ ಅಪರಾಧ. ನ್ಯೂಜಿಲೆಂಡಿನಲ್ಲಿ ಕೊಡದಿದ್ದರೆ ಅಲ್ಲಿಯ 5,000 ಡಾಲರ್ ತನಕ ದಂಡ. ಯುರೋಪಿನ 29 ದೇಶಗಳಲ್ಲಿ 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖದ ಫೋಟೊ, ಬೆರಳಚ್ಚು ದಾಖಲಿಸುವ ಪದ್ಧತಿ ಶುರುವಾಗಿದೆ. ಅದು ಫೋನು ನೋಡುವುದಲ್ಲ, ಸಾಲು ಉದ್ದ ಆಗುತ್ತದೆ ಅಷ್ಟೇ. ಥಾಯ್ಲೆಂಡಿಗೆ 2025ರ ಮೇ 1ರಿಂದ ಹೊರಡುವ ಮೊದಲೇ ಆನ್‌ಲೈನ್ ಆಗಮನ ಕಾರ್ಡು ತುಂಬಬೇಕು. ಸಿಂಗಾಪುರ, ಮಲೇಷ್ಯಾದಲ್ಲೂ ಹಾಗೆಯೇ. ಮೂರೂ ಪುಕ್ಕಟೆ. ಹಣ ಕೇಳುವ ವೆಬ್‌ಸೈಟ್ ಬಂದರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ. ಅಮೆರಿಕಕ್ಕೆ ಓದಲು ಹೊರಟ ಮಕ್ಕಳು ವೀಸಾ ಕೇಳುವಾಗ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಇಡಬೇಕು ಅಂತ 2025ರ ಜೂನಿನಲ್ಲಿ ಹೇಳಿದ್ದಾರೆ. ಅದೇ ವರ್ಷದ ಡಿಸೆಂಬರಿನಿಂದ ಎಚ್1ಬಿ ಅನ್ನುವ ಕೆಲಸದ ವೀಸಾದವರಿಗೂ ಅನ್ವಯ. ಕಂಪನಿಯ ಲ್ಯಾಪ್‌ಟಾಪ್ ಹಿಡಿದು ಹೋಗುವವರು ಕಂಪನಿಯನ್ನು ಕೇಳದೆ ಹೊರಡಬೇಡಿ.

ಷಿಕಾಗೊ ತಲುಪಿ ನಿದ್ದೆ ಮಾಡಿ ಎದ್ದ ಮೇಲೆ ಮಗನ ಹತ್ತಿರ ಒಂದು ಕೆಲಸ ಮಾಡಿಸಿ. ಸಿಬಿಪಿಯ ವೆಬ್‌ಸೈಟಿನಲ್ಲಿ ನಿಮ್ಮಿಬ್ಬರ ಐ-94, ಅಂದರೆ ದೇಶದ ಒಳಗೆ ಬಂದದ್ದರ ದಾಖಲೆ, ತೆಗೆದು ನೋಡಿ. ಎಷ್ಟು ದಿನ ಇರಬಹುದು ಅನ್ನುವುದು ವೀಸಾದ ಮೇಲಿನ ತಾರೀಕಲ್ಲ, ಅದರಲ್ಲಿರುವ ತಾರೀಕು. ತಪ್ಪಿದ್ದರೆ ಆ ವಾರವೇ ಸರಿ ಮಾಡಿಸಬಹುದು.

ನಿಮ್ಮ ಮನೆಯವರ ಫೋನೂ ಬರಲಿ. ಒಬ್ಬರದ್ದು ತೆಗೆದುಕೊಂಡರೆ ಇನ್ನೊಬ್ಬರದ್ದು ಇರುತ್ತದೆ, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಒಳಗೆ ಕರೆದರೂ ಹೊರಗಿದ್ದವರು ಮಗನಿಗೆ ತಿಳಿಸಬಹುದು. ಅವರಿಗೆ ಮಗನ ಅಮೆರಿಕದ ನಂಬರು ಬಾಯಿಪಾಠ ಬರುತ್ತದಾ ಅಂತ ಕೇಳಿ. ಬರದಿದ್ದರೆ ಈ ಎರಡು ವಾರದಲ್ಲಿ ಕಲಿಸಿ. ಮಗ್ಗಿ ಕಲಿಸಿದ ಮಾಷ್ಟ್ರು ನೀವು, ಹತ್ತು ಅಂಕೆ, ಅದರ ಮುಂದೆ ಒಂದು ‘1’.